ಕಲಿತ ಪದ ಬಾಯಿಗೆ ಬರುವಂತೆ: ಕಾರವಾರದಲ್ಲಿ ವಯಸ್ಕರಿಗೆ ಕನ್ನಡ ಕಲಿಸುವವರಿಗೆ

ಕಾರವಾರದಲ್ಲಿ ಕನ್ನಡ ಕಲಿಯಲು ಬರುವ ವಯಸ್ಕರಲ್ಲಿ ಅರಗಾದ ನೌಕಾನೆಲೆಯ ಕುಟುಂಬದವರು, ಕೈಗಾ ಅಣುವಿದ್ಯುತ್ ಸ್ಥಾವರದ ಉದ್ಯೋಗಿಗಳು, ಹೊರರಾಜ್ಯಗಳಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರರು ಸೇರಿರುತ್ತಾರೆ. ಇವರ ತೊಡಕು ಹಾವೇರಿಯಲ್ಲೋ ಶಿವಮೊಗ್ಗದಲ್ಲೋ ಕಲಿಯುವವರ ತೊಡಕಿನಂತಲ್ಲ. ಇಲ್ಲಿನ ಪೇಟೆಯಲ್ಲಿ ಕೊಂಕಣಿ ನಡೆಯುತ್ತದೆ. ಹೊಸ ಮುಖ ಕಂಡೊಡನೆ ಅಂಗಡಿಯವರು ಸೌಜನ್ಯದಿಂದಲೇ ಹಿಂದಿಗೆ ಹೊರಳುತ್ತಾರೆ. ತರಗತಿಯಲ್ಲಿ ಕಲಿತ ಪದಕ್ಕೆ ಹೊರಗೆ ಕೆಲಸವೇ ಸಿಗದಿದ್ದರೆ ಅದು ಉಳಿಯುವುದಿಲ್ಲ. ಆದ್ದರಿಂದ ಪದವನ್ನು ಹೇಳಿಕೊಡುವುದರ ಜೊತೆಗೆ ಅದಕ್ಕೆ ಕೆಲಸ ಹುಡುಕಿಕೊಡುವುದೂ ಕಲಿಸುವವರ ಹೊಣೆಯೇ ಆಗುತ್ತದೆ.

ಮೊದಲು ಪದಗಳ ಆಯ್ಕೆ. ಮುಂದಿನ ವಾರ ಎಲ್ಲೆಲ್ಲಿ ಮಾತನಾಡಬೇಕಾಗುತ್ತದೆ ಎಂದು ಕಲಿಯುವವರನ್ನೇ ಕೇಳಿ, ಆ ಸಂದರ್ಭಗಳಿಗೆ ಬೇಕಾದ ಎಂಟು ಹತ್ತು ಪದಗಳನ್ನಷ್ಟೇ ತೆಗೆದುಕೊಳ್ಳಿ. ಬಂಗಡೆ, ತಾರ್ಲೆಯಂಥ ಮೀನಿನ ಹೆಸರುಗಳು ಅವರಿಗೆ ಪೇಟೆಯಲ್ಲಿಯೇ ಬಂದುಬಿಡುತ್ತವೆ, ಅವಕ್ಕೆ ತರಗತಿಯ ಹೊತ್ತು ವ್ಯಯಿಸುವುದು ಬೇಡ. ಬಾರದಿರುವುದು ಕ್ರಿಯಾಪದ: ತೂಗು, ಹೆಚ್ಚು, ಕೊಡು, ಬಿಡು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಮಳೆ, ಸೋರುವ ಮಾಡು, ಒಣಗದ ಬಟ್ಟೆಗಳ ಸುತ್ತಲಿನ ಪದಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಪದವನ್ನು ಒಂಟಿಯಾಗಿ ಕೊಡಬೇಡಿ. ‘ಮರ, ಮರಕ್ಕೆ’, ‘ಮನೆ, ಮನೆಗೆ’, ‘ಊರು, ಊರಿಗೆ’ ಎಂದು ಜೋಡಿಯಾಗಿ ಕೊಟ್ಟರೆ ವಿಭಕ್ತಿಯ ಬದಲಾವಣೆ ಪ್ರತ್ಯೇಕ ಪಾಠವಾಗದೆ ಪದದೊಡನೆಯೇ ಬರುತ್ತದೆ. ಕ್ರಿಯಾಪದಕ್ಕೆ ಭೂತಕಾಲದ ರೂಪ ಸೇರಿಸಿ: ಕೊಡು, ಕೊಟ್ಟೆ, ಬೀಳು, ಬಿದ್ದೆ. ಓದಲು ‘ತೆಗೆದುಕೊಳ್ಳುತ್ತೇನೆ’ ಇರಲಿ, ಆದರೆ ಬಾಯಿಗೆ ‘ತಗೊಳ್ತೇನೆ’ ಎಂದೇ ರೂಢಿಸಿ. ಪುಸ್ತಕದ ರೂಪದಲ್ಲಿ ಮೀನು ಕೇಳಿದವರಿಗೆ ಉತ್ತರ ಹಿಂದಿಯಲ್ಲಿಯೇ ಸಿಗುತ್ತದೆ. ಎಡ ಮತ್ತು ಬಲ, ಹತ್ತು ಮತ್ತು ಇಳಿ, ನಿನ್ನೆ ಮತ್ತು ನಾಳೆ ಇಂಥ ಜೋಡಿಗಳನ್ನು ಮಾತ್ರ ಒಂದೇ ದಿನ ಕಲಿಸಬಾರದು. ಒಟ್ಟಿಗೆ ಕಲಿತ ವಿರುದ್ಧಪದಗಳು ಒಂದರೊಳಗೊಂದು ಬೆರೆತು, ಯಾವುದು ಯಾವುದೆಂಬ ಗೊಂದಲ ಬಹುಕಾಲ ಉಳಿಯುತ್ತದೆ. ಒಂದು ಗಟ್ಟಿಯಾದ ಮೇಲೆಯೇ ಇನ್ನೊಂದು.

ಬರೆದುಕೊಳ್ಳುವ ಲಿಪಿಯ ಬಗ್ಗೆಯೂ ಎಚ್ಚರ ಬೇಕು. ಕನ್ನಡ ಲಿಪಿ ಬಾರದವರು ಹಿಂದಿಯ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಗುರುತಿಲ್ಲವಾದ್ದರಿಂದ ‘ಬೆಳೆ’ಯೂ ‘ಬೇಳೆ’ಯೂ ಒಂದೇ ಆಗಿಬಿಡುತ್ತವೆ. ಲಿಪಿ ಕಲಿಯುವವರೆಗೆ ನಿಮ್ಮ ಉಚ್ಚಾರವನ್ನು ವಾಟ್ಸಾಪ್‌ನಲ್ಲಿ ಧ್ವನಿಮುದ್ರಿಸಿ ಕಳಿಸುವುದೇ ಸರಿ.

ಇನ್ನು ನೆನಪಿನ ವಿಷಯ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ವೇಗವಾಗಿ ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ ತೋರಿಸಿದ್ದ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರೂ, ಒಂದು ವಾರದ ನಂತರ ಹೆಚ್ಚು ನೆನಪಿಟ್ಟವರು ಓದಿದ್ದನ್ನು ನೋಡದೆ ಜ್ಞಾಪಿಸಿಕೊಂಡು ಬರೆದಿದ್ದವರೇ. ಅದು ಗದ್ಯಭಾಗದ ಮೇಲೆ ನಡೆದ ಪ್ರಯೋಗವಾದರೂ ಪದಗಳಿಗೂ ಇದೇ ದಾರಿ ಒಪ್ಪುತ್ತದೆ. ಹಾಗಾಗಿ ಪಟ್ಟಿ ಓದಿಸುವುದನ್ನು ಬಿಟ್ಟು, ರಟ್ಟಿನ ಚೀಟಿಯ ಒಂದು ಬದಿಗೆ ಚಿತ್ರವನ್ನೋ ಅವರ ಭಾಷೆಯ ಅರ್ಥವನ್ನೋ, ಇನ್ನೊಂದು ಬದಿಗೆ ಕನ್ನಡದ ಒಂದು ಚಿಕ್ಕ ವಾಕ್ಯವನ್ನೂ ಬರೆಸಿ. ಚೀಟಿ ತಿರುಗಿಸುವ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಲೇಬೇಕು. ವಿಜ್ಞಾನ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಡಬ್ಬಿಗಳ ಕ್ರಮ ಇಲ್ಲಿ ಅನುಕೂಲ: ಸರಿಯಾದ ಚೀಟಿ ಮುಂದಿನ ಡಬ್ಬಿಗೆ ಹೋಗಿ ಹೆಚ್ಚು ದಿನ ಬಿಟ್ಟು ತಿರುಗಿ ಬರುತ್ತದೆ, ತಪ್ಪಿದ್ದು ಮೊದಲ ಡಬ್ಬಿಗೆ ಮರಳಿ ಮಾರನೆಯ ದಿನವೇ ಎದುರಾಗುತ್ತದೆ. ಖಾಲಿ ಸಿಹಿತಿಂಡಿಯ ಡಬ್ಬಿ ಮೂರಿದ್ದರೆ ಸಾಕು.

ಆದರೂ ಚೀಟಿಯಲ್ಲಿ ಗೆದ್ದವರು ಸಂತೆಯಲ್ಲಿ ತಡವರಿಸುವುದುಂಟು. ಆದ್ದರಿಂದ ಭಾನುವಾರದ ಸಂತೆಗೆ ಹೋಗುವ ಮೊದಲೇ ಪರಿಚಯದ ತರಕಾರಿ ವ್ಯಾಪಾರಿಯೊಬ್ಬರಿಗೆ, ‘ಇವರೊಡನೆ ಕನ್ನಡದಲ್ಲಿಯೇ ಮಾತಾಡಿ, ಅವಸರ ಮಾಡಬೇಡಿ’ ಎಂದು ಹೇಳಿಡಿ. ವ್ಯಾಪಾರದ ಗದ್ದಲ ಇಳಿದ ಹೊತ್ತಿಗೆ ಕಳಿಸುವುದು ಇಬ್ಬರಿಗೂ ಹಿತ. ‘ನಾನು ಕನ್ನಡ ಕಲಿಯುತ್ತಾ ಇದ್ದೇನೆ, ಕನ್ನಡದಲ್ಲೇ ಹೇಳಿ’ ಎಂಬ ವಾಕ್ಯವನ್ನು ಮೊದಲ ವಾರವೇ ಕಂಠಪಾಠ ಮಾಡಿಸಿ. ಸ್ವಲ್ಪ ಪಳಗಿದವರನ್ನು ಅಂಕೋಲೆಯ ಬಸ್ಸು ಹತ್ತಿಸಿ, ಅಲ್ಲಿ ದಾರಿ ಕೇಳಿಕೊಂಡು ಒಂದು ಕೆಲಸ ಮುಗಿಸಿ ಬರಲು ಹೇಳಬಹುದು. ನೀವು ಜೊತೆಗಿದ್ದರೆ ನಡುವೆ ಬಾಯಿ ಹಾಕಿ ತಿದ್ದಬೇಡಿ. ಮಾತು ಮುಗಿದ ಮೇಲೆ ಸರಿಯಾದ ರೂಪವನ್ನು ಒಮ್ಮೆ ಹೇಳಿ, ತುಸು ಹೊತ್ತಿನ ನಂತರ ಅದೇ ಮಾತು ಮತ್ತೆ ಬರುವಂಥ ಪ್ರಶ್ನೆ ಕೇಳಿ.

ಮುಂದಿನ ತರಗತಿಯನ್ನು ‘ಅವರು ಏನು ಹೇಳಿದರು, ಅದರಲ್ಲಿ ತಿಳಿಯದ್ದು ಯಾವುದು’ ಎಂಬ ವಿಚಾರಣೆಯಿಂದ ಆರಂಭಿಸಿ. ಅಲ್ಲಿ ಸಿಕ್ಕ ಪದವೇ ಆ ವಾರದ ಮೊದಲ ಚೀಟಿ.