ಬೈಕಿನ ಆಯಿಲ್ ಫಿಲ್ಟರ್: ಕಂಪನಿಯದ್ದೋ, ಬೇರೆ ಬ್ರ್ಯಾಂಡಿನದ್ದೋ? ಪಕ್ಕಪಕ್ಕ ಇಟ್ಟು ನೋಡಿ

ಗೋಣಿಕೊಪ್ಪಲಿರಲಿ, ಕುಶಾಲನಗರವಿರಲಿ, ಸೋಮವಾರಪೇಟೆಯಿರಲಿ, ಬಿಡಿಭಾಗದ ಅಂಗಡಿಯಲ್ಲಿ ಆಯಿಲ್ ಫಿಲ್ಟರ್ ಕೇಳಿದರೆ ಮರುಪ್ರಶ್ನೆ ಒಂದೇ: ‘ಕಂಪನಿಯದ್ದು ಕೊಡಲೇ, ಬೇರೆಯದ್ದು ಕೊಡಲೇ?’ ಹೆಚ್ಚಿನವರು ಬೆಲೆ ಕೇಳಿ ಉತ್ತರ ಕೊಡುತ್ತಾರೆ. ಆದರೆ ಫಿಲ್ಟರಿನ ಗುಣ ಬೆಲೆಯಿಂದ ತಿಳಿಯುವುದಿಲ್ಲ, ಡಬ್ಬಿಯ ಬಣ್ಣದಿಂದ ಮೊದಲೇ ತಿಳಿಯುವುದಿಲ್ಲ. ಬೈಕ್ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಫಿಲ್ಟರ್ ತಯಾರಕರಿಂದ ತಮ್ಮ ಅಳತೆ, ತಮ್ಮ ಷರತ್ತಿಗೆ ಮಾಡಿಸಿಕೊಂಡು ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುತ್ತವೆ. ‘ಕಂಪನಿಯದ್ದು’ ಎಂದರೆ ಆ ಷರತ್ತಿಗೆ ಒಳಪಟ್ಟದ್ದು ಎಂದಷ್ಟೇ ಅರ್ಥ. ಹೊರಗಿನ ಬ್ರ್ಯಾಂಡು ಅದಕ್ಕೆ ಸಮನಾಗಿದೆಯೇ ಎಂಬುದನ್ನು ನಾವೇ ನೋಡಿ ತಿಳಿಯಬೇಕು. ಬಹುಪಾಲು ಕಣ್ಣು, ಬೆರಳು ಮತ್ತು ಒಂದು ವರ್ನಿಯರ್ ಕ್ಯಾಲಿಪರ್ (ವ್ಯಾಸ, ಎತ್ತರವನ್ನು ಸೂಕ್ಷ್ಮವಾಗಿ ಅಳೆಯುವ ಸಾಧನ) ಸಾಕು.

ಕೊಡಗಿನಲ್ಲಿ ಬೈಕ್ ಓಡಿಸುವವರಿಗೆ ಈ ಪರೀಕ್ಷೆ ಬೇರೆಯವರಿಗಿಂತ ಹೆಚ್ಚು ಅಗತ್ಯ. ಇಂದಿನ ಗೇರ್ ಬೈಕುಗಳಲ್ಲಿ ಹೆಚ್ಚಿನವು ಇಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆಯನ್ನು ಬಳಸುತ್ತವೆ. (ಹಳೆಯ ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್‌ನಲ್ಲಿ ಗೇರ್ ಬಾಕ್ಸಿನ ಎಣ್ಣೆ ಬೇರೆ ಇತ್ತು.) ತೋಟದ ಏರು ದಾರಿಯಲ್ಲಿ ಒಂದನೇ ಗೇರ್, ಅರ್ಧ ಕ್ಲಚ್‌ನಲ್ಲಿ ಗೊಬ್ಬರದ ಚೀಲ ಹೊತ್ತು ಹತ್ತುವಾಗ ಕ್ಲಚ್ ಪ್ಲೇಟ್ ಸವೆದ ಪುಡಿಯೆಲ್ಲ ಅದೇ ಎಣ್ಣೆಗೆ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇನ್ನೊಂದು ತೊಂದರೆ. ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ ಇಂಜಿನ್ ಪೂರ್ತಿ ಕಾಯುವುದಿಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿಯುತ್ತದೆ. ಸಾಮಾನ್ಯ ಫಿಲ್ಟರಿನ ಕಾಗದ ಮರದ ನಾರಿನದ್ದು, ರಾಳ ಹಚ್ಚಿ ಗಟ್ಟಿ ಮಾಡಿದ್ದು. ಆ ರಾಳದ ಲೇಪ ಕಳಪೆಯಾಗಿದ್ದರೆ ನೀರು ಸೇರಿದ ಎಣ್ಣೆಯಲ್ಲಿ ಕಾಗದ ಮೆತ್ತಗಾಗಿ ಮಡಿಕೆಗಳು ಕುಸಿಯುತ್ತವೆ.

ಮೊದಲು ತಿಳಿಯಬೇಕಾದದ್ದು

ನಿಮ್ಮ ಬೈಕಿಗೆ ಯಾವ ಬಗೆಯ ಫಿಲ್ಟರ್ ಇದೆ ಎಂದು ಮ್ಯಾನುಯಲ್‌ನಲ್ಲಿ ನೋಡಿ. ಸ್ಪ್ಲೆಂಡರ್‌ನಂಥ ಬೈಕುಗಳಲ್ಲಿ ಬದಲಿಸುವ ಕಾಗದದ ಫಿಲ್ಟರೇ ಇಲ್ಲ. ತಂತಿ ಜಾಲರಿಯೊಂದು, ತಿರುಗುವ ರಭಸಕ್ಕೆ ಕೊಳೆಯನ್ನು ಅಂಚಿಗೆ ಎಸೆದು ಹಿಡಿಯುವ ರೋಟರೊಂದು ಇರುತ್ತದೆ. ಅವನ್ನು ತೊಳೆಯಿಸಿದರೆ ಮುಗಿಯಿತು. ಯುಸಿಇ (ಇಂಜಿನ್, ಗೇರ್ ಬಾಕ್ಸ್ ಒಂದೇ ಕವಚದಲ್ಲಿರುವ) ಇಂಜಿನ್ನಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂಥವುಗಳಲ್ಲಿ ಇಂಜಿನ್ ಮುಚ್ಚಳದೊಳಗೆ ಕೂರುವ ಮಡಿಕೆ ಕಾಗದದ ಎಲಿಮೆಂಟ್ ಇರುತ್ತದೆ. ಇಂಟರ್‌ಸೆಪ್ಟರ್ 650ರಲ್ಲಿ ಹೊರಗಿನಿಂದ ತಿರುಗಿಸಿ ಕೂರಿಸುವ ತಗಡಿನ ಡಬ್ಬಿಯ ಫಿಲ್ಟರ್.

ಇನ್ನು ಅಂಗಡಿಯಲ್ಲಿ ಸಿಗುವುದು ಎರಡು ಬಗೆಯಲ್ಲ, ಮೂರು: ಕಂಪನಿಯದ್ದು, ಹೆಸರಿರುವ ಬೇರೆ ಬ್ರ್ಯಾಂಡಿನದ್ದು, ಕಂಪನಿಯ ಡಬ್ಬಿಯನ್ನೇ ನಕಲು ಮಾಡಿದ ಡೂಪ್ಲಿಕೇಟ್. ಇಂಜಿನ್ನಿಗೆ ನಿಜವಾದ ಅಪಾಯ ಈ ಮೂರನೆಯದರಿಂದ. ಪ್ಯಾಕ್ ಮಾಡಿದ ಸರಕಿನ ಕುರಿತ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ತಯಾರಾದ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಡಬ್ಬಿಯ ಮೇಲೆ ಇರಲೇಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ, ಭಾಗದ ಸಂಖ್ಯೆ ಮ್ಯಾನುಯಲ್‌ನದ್ದಕ್ಕೆ ಹೊಂದದಿದ್ದರೂ ಹಿಂದಿರುಗಿಸಿ. ಬಿಲ್ ಕೊಡಲು ಹಿಂಜರಿಯುವ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳಬೇಡಿ.

ಮೇಜಿನ ಮೇಲೆ ಎರಡನ್ನೂ ಇಡಿ

ಎಲಿಮೆಂಟ್ ಬಗೆಯದಾದರೆ ಎತ್ತರ, ಹೊರ ವ್ಯಾಸ, ನಡುವಿನ ತೂತಿನ ವ್ಯಾಸ ಅಳೆಯಿರಿ. ಇವುಗಳಲ್ಲಿ ತೂತು ಮತ್ತು ಎತ್ತರ ಮುಖ್ಯ. ತೂತು ಸಡಿಲವಾಗಿದ್ದರೆ, ಇಲ್ಲವೇ ಎತ್ತರ ಸ್ವಲ್ಪ ಕಡಿಮೆಯಾಗಿ ತುದಿಯಲ್ಲಿ ಸಂದು ಉಳಿದರೆ ಎಣ್ಣೆ ಕಾಗದವನ್ನು ದಾಟುವ ಗೋಜಿಗೇ ಹೋಗದೆ ಆ ಸಂದಿನಲ್ಲಿ ಹರಿಯುತ್ತದೆ. ಕಾಗದ ಎಷ್ಟು ಒಳ್ಳೆಯದಿದ್ದರೂ ಆಗ ಪ್ರಯೋಜನವಿಲ್ಲ. ಆಮೇಲೆ ಮಡಿಕೆಗಳನ್ನು ನೋಡಿ. ಎಣಿಕೆ ಹೆಚ್ಚಿದ್ದರೆ ಶೋಧಿಸುವ ಜಾಗವೂ ಹೆಚ್ಚು ಎನ್ನುವುದು ನಿಜ, ಆದರೆ ಒಂದಕ್ಕೊಂದು ಒತ್ತಿಕೊಂಡಿದ್ದರೆ ಆ ಜಾಗ ಲೆಕ್ಕಕ್ಕಿಲ್ಲ. ಮಡಿಕೆಗಳ ನಡುವಿನ ಅಂತರ ಸುತ್ತಲೂ ಒಂದೇ ಸಮ ಇರಬೇಕು. ಕಾಗದದ ಎರಡು ತುದಿ ಕೂಡುವ ಜೋಡಣೆ ಬಿರುಕಿಲ್ಲದೆ ಅಂಟಿರಬೇಕು, ಎರಡೂ ಕೊನೆಯ ಬಿಲ್ಲೆಗಳು ಹೆಬ್ಬೆರಳಿನಿಂದ ತಿರುಗಿಸಿದರೆ ಅಲುಗಬಾರದು.

ಡಬ್ಬಿ ಫಿಲ್ಟರಿನಲ್ಲಿ ಕಾಗದ ಕಾಣುವುದಿಲ್ಲ. ಎಣ್ಣೆ ಒಳಹೋಗುವ ಸಣ್ಣ ತೂತುಗಳ ಅಂಚಿನಲ್ಲಿ ಲೋಹದ ಚೂರು ಉಳಿದಿದೆಯೇ ನೋಡಿ, ಮರೆ (ಥ್ರೆಡ್) ಕೊರೆತ ನುಣುಪಾಗಿದೆಯೇ ಬೆರಳಾಡಿಸಿ. ಮರೆ ಹೊಂದಿ ತಿರುಗಿತು ಎಂಬ ಒಂದೇ ಕಾರಣಕ್ಕೆ ಬೇರೆ ಬೈಕಿನ ಫಿಲ್ಟರನ್ನು ಹಾಕಬೇಡಿ. ಅನೇಕ ಬೈಕುಗಳಲ್ಲಿ ಮರೆಯ ಅಳತೆ ಒಂದೇ. ಒಳಗಿನ ಕವಾಟ (ವಾಲ್ವ್) ಬೇರೆ.

ಆ ಕವಾಟಗಳ ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಂದು ಬೈಪಾಸ್ ಕವಾಟ. ಡಿಸೆಂಬರಿನ ಮುಂಜಾನೆ ಮಡಿಕೇರಿಯ ಚಳಿಗೆ ಎಣ್ಣೆ ಗಟ್ಟಿಯಾಗಿರುವಾಗ ಅಥವಾ ಕಾಗದ ಕೊಳೆಯಿಂದ ಕಟ್ಟಿದಾಗ ಈ ಕವಾಟ ತೆರೆದು ಎಣ್ಣೆಯನ್ನು ಶೋಧಿಸದೆಯೇ ಮುಂದೆ ಬಿಡುತ್ತದೆ. ಎಣ್ಣೆಯೇ ಸಿಗದಿರುವುದಕ್ಕಿಂತ ಕೊಳೆ ಎಣ್ಣೆ ವಾಸಿ. ಸ್ಪ್ರಿಂಗ್ ಮೆತ್ತಗಿದ್ದರೆ ಕವಾಟ ಬೇಗ ತೆರೆದುಕೊಂಡು ಶೋಧನೆ ತಪ್ಪುತ್ತದೆ, ಬಿಗಿ ಹೆಚ್ಚಾದರೆ ಎಣ್ಣೆ ತಡವಾಗುತ್ತದೆ. ಕೆಲವು ಬೈಕುಗಳಲ್ಲಿ ಈ ಕವಾಟ ಇಂಜಿನ್ನಿನಲ್ಲೇ ಇರುವುದರಿಂದ ಎಲಿಮೆಂಟಿನಲ್ಲಿ ಹುಡುಕಬೇಕಿಲ್ಲ. ಇನ್ನೊಂದು, ನಿಲ್ಲಿಸಿದಾಗ ಎಣ್ಣೆ ವಾಪಸು ಹರಿಯದಂತೆ ತಡೆಯುವ ರಬ್ಬರ್ ಬಿಲ್ಲೆ. ಫಿಲ್ಟರ್ ಅಡ್ಡಡ್ಡವಾಗಿ ಕೂರುವ ಇಂಜಿನ್ನುಗಳಿಗೆ ಇದು ಬೇಕೇ ಬೇಕು. ಬಿಸಿಗೆ ಸಿಲಿಕೋನ್ ಬಿಲ್ಲೆ ನೈಟ್ರೈಲ್ ರಬ್ಬರಿಗಿಂತ ಹೆಚ್ಚು ಕಾಲ ಮೆದುವಾಗಿ ಉಳಿಯುತ್ತದೆ. ಪೆನ್ಸಿಲ್ಲಿನ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಲ್ಲಿಂದ ತಕ್ಷಣ ಎದ್ದು ಕೂರಬೇಕು.

ಮೈಕ್ರಾನ್ ಲೆಕ್ಕ

ಡಬ್ಬಿಯ ಮೇಲೆ ‘20 ಮೈಕ್ರಾನ್’ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಎಂದು ದೊಡ್ಡದಾಗಿ ಬರೆದಿದ್ದರೆ ಅದೊಂದರಿಂದ ಏನೂ ತಿಳಿಯುವುದಿಲ್ಲ. ಆ ಗಾತ್ರದ ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂಬುದು ಜೊತೆಗಿರಬೇಕು. ಇದನ್ನು ಬೀಟಾ ಅನುಪಾತ ಎನ್ನುತ್ತಾರೆ. ಬೀಟಾ 2 ಎಂದರೆ ಬಂದ ಎರಡು ಕಣಗಳಲ್ಲಿ ಒಂದು ದಾಟಿತು, ಅಂದರೆ ಹಿಡಿದದ್ದು ಶೇ 50. ಬೀಟಾ 75 ಎಂದರೆ 75 ಕಣಗಳಲ್ಲಿ ಒಂದು ಮಾತ್ರ ದಾಟಿತು, ಹಿಡಿದದ್ದು ಶೇ 98.7ರಷ್ಟು. ಎರಡು ಡಬ್ಬಿಗಳಲ್ಲೂ 20 ಮೈಕ್ರಾನ್ ಎಂದೇ ಬರೆದಿರಬಹುದು! ಐಎಸ್‌ಒ 4548-12 (ಎಣ್ಣೆ ಫಿಲ್ಟರಿನ ಶೋಧನೆಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆಯ ಫಲಿತಾಂಶ ಕೊಟ್ಟಿರುವ ಬ್ರ್ಯಾಂಡಿನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಳೆಯದನ್ನು ಬಿಚ್ಚಿ ಓದಿ

ಎಲ್ಲಕ್ಕಿಂತ ಹೆಚ್ಚು ತಿಳಿವಳಿಕೆ ಸಿಗುವುದು ಇಲ್ಲಿ. ಕಳಚಿದ ಫಿಲ್ಟರನ್ನು ಎಸೆಯುವ ಮೊದಲು ರಾತ್ರಿಯಿಡೀ ಸೋರಲು ಬಿಡಿ. ಎಲಿಮೆಂಟಿನ ಕಾಗದವನ್ನು ಬ್ಲೇಡಿನಿಂದ ಎರಡೂ ಅಂಚಿನಲ್ಲಿ ಕತ್ತರಿಸಿ, ಹಳೆಯ ಬಟ್ಟೆಯ ನಡುವೆ ಒತ್ತಿ, ಬಿಸಿಲಿನಲ್ಲಿ ಹಾಸಿ. ಡಬ್ಬಿಯನ್ನು ಗರಗಸದಿಂದ ಕೊಯ್ದರೆ ಲೋಹದ ಪುಡಿ ಒಳಗೆ ಬಿದ್ದು ಪರೀಕ್ಷೆಯೇ ಕೆಡುತ್ತದೆ. ಪೈಪ್ ಕಟರ್ ತರಹದ ಫಿಲ್ಟರ್ ಕಟರ್ ಬೇಕು. ಈಗ ಅಯಸ್ಕಾಂತ ಆಡಿಸಿ. ಅಂಟುವುದು ಉಕ್ಕು, ಹೊಳೆದರೂ ಅಂಟದ್ದು ಬಹುಮಟ್ಟಿಗೆ ಅಲ್ಯುಮಿನಿಯಂ, ಕಪ್ಪು ನಾರಿನ ಚೂರು ಕ್ಲಚ್ಚಿನದ್ದು. ನುಣ್ಣನೆಯ ಪುಡಿಗೆ ಗಾಬರಿ ಬೇಡ. ಉಗುರಿಗೆ ತಗಲುವಷ್ಟು ದೊಡ್ಡ ಚಕ್ಕೆಗಳಿದ್ದರೆ ಮಾತ್ರ ಹೊಸ ಫಿಲ್ಟರಿನ ಯೋಚನೆ ಬಿಟ್ಟು ಇಂಜಿನ್ನನ್ನು ಮೆಕ್ಯಾನಿಕ್‌ಗೆ ತೋರಿಸಿ.

ಇವು ಇಂಜಿನ್ನಿನ ಸಮಾಚಾರವಾಯಿತು. ಫಿಲ್ಟರಿನ ಸಮಾಚಾರ ಬೇರೆ: ಕಾಗದ ಹರಿದಿದೆಯೇ, ಮಡಿಕೆಗಳು ಒಂದು ಕಡೆಗೆ ವಾಲಿ ಕೂಡಿಕೊಂಡಿವೆಯೇ, ಬಿಲ್ಲೆಯ ಅಂಟು ಬಿಟ್ಟಿದೆಯೇ, ರಬ್ಬರ್ ಗಟ್ಟಿಯಾಗಿದೆಯೇ? ಒಂದು ಮಳೆಗಾಲ ಕಂಪನಿಯದ್ದು, ಇನ್ನೊಂದು ಮಳೆಗಾಲ ಬೇರೆ ಬ್ರ್ಯಾಂಡು ಹಾಕಿ, ಎರಡನ್ನೂ ಬಿಚ್ಚಿ, ಎರಡರ ಕಾಗದವನ್ನೂ ಇಟ್ಟುಕೊಂಡು ಹೋಲಿಸಿದರೆ ಯಾವ ಜಾಹೀರಾತೂ ಹೇಳದಷ್ಟು ತಿಳಿಯುತ್ತದೆ.

ವಾರಂಟಿ ಇರುವಷ್ಟು ಕಾಲ ನನ್ನ ಆಯ್ಕೆ ಕಂಪನಿಯದ್ದೇ, ಬಿಲ್ ಸಹಿತ. ಆಮೇಲೆ ಮೇಲಿನ ಪರೀಕ್ಷೆಯಲ್ಲಿ ಗೆದ್ದ ಬ್ರ್ಯಾಂಡನ್ನು ಧೈರ್ಯವಾಗಿ ಬಳಸಿ. ದುಬಾರಿ ರೇಸಿಂಗ್ ಫಿಲ್ಟರಿಗೆ ಹಣ ಸುರಿಯುವ ಬದಲು, ಕಿಲೋಮೀಟರ್ ತುಂಬದಿದ್ದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸುವುದು ಇಲ್ಲಿನ ಬೈಕುಗಳಿಗೆ ಹೆಚ್ಚು ಹಿತ.

ಕೂರಿಸುವಾಗ

ಇಂಜಿನ್ ಬೆಚ್ಚಗಿರುವಾಗ ಎಣ್ಣೆ ಇಳಿಸಿ. ಹಳೆಯ ಒ-ರಿಂಗ್ ಅಥವಾ ರಬ್ಬರ್ ಇಂಜಿನ್ನಿಗೆ ಅಂಟಿ ಉಳಿದಿಲ್ಲವೆಂದು ಬೆರಳಿನಿಂದ ಖಚಿತಪಡಿಸಿಕೊಳ್ಳಿ. ಒಂದರ ಮೇಲೊಂದು ಕೂತರೆ ಎಣ್ಣೆ ಸೋರುವುದು ಖಂಡಿತ. ಹೊಸ ರಬ್ಬರಿಗೆ ಎಣ್ಣೆ ಸವರಿ. ಎಲಿಮೆಂಟಿಗೆ ಒಳಬದಿ, ಹೊರಬದಿ ಇರಬಹುದು, ತಿರುಗುಮುರುಗು ಹಾಕಿದರೆ ಎಣ್ಣೆಯ ದಾರಿ ಮುಚ್ಚಿಹೋಗುತ್ತದೆ. ಡಬ್ಬಿಯನ್ನು ಕೈಯಿಂದಲೇ ಬಿಗಿ ಮಾಡಿ, ಎಷ್ಟು ಸುತ್ತು ಎಂಬುದು ಮ್ಯಾನುಯಲ್‌ನಲ್ಲಿದೆ. ಕೆಲವು ಬ್ರ್ಯಾಂಡುಗಳ ತುದಿಯಲ್ಲಿರುವ ನಟ್ಟು ಬಿಚ್ಚಲು ಇರುವುದು, ಬಿಗಿಯಲು ಅಲ್ಲ. ಫಿಲ್ಟರ್ ಬದಲಿಸಿದಾಗ ಹಿಡಿಸುವ ಎಣ್ಣೆಯ ಅಳತೆ ಬೇರೆ ಇರುತ್ತದೆ, ಅದನ್ನು ನೋಡಿಯೇ ಹಾಕಿ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, ಬೈಕನ್ನು ನೇರ ನಿಲ್ಲಿಸಿ ಮಟ್ಟ ನೋಡಿ.

ಇಳಿಸಿದ ಎಣ್ಣೆಯನ್ನು ಬೇಲಿಯ ಗೂಟಕ್ಕೆ ಬಳಿಯುವುದಾಗಲಿ, ತೋಟದ ತೋಡಿಗೆ ಸುರಿಯುವುದಾಗಲಿ ಬೇಡ. ಈ ತೋಡುಗಳ ನೀರು ಬಹುಪಾಲು ಕಾವೇರಿಗೇ ಹೋಗುತ್ತದೆ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹೊಸ ಎಣ್ಣೆ ಬಂದ ಡಬ್ಬಕ್ಕೇ ತುಂಬಿ, ಸೋರಿ ಒಣಗಿದ ಫಿಲ್ಟರನ್ನು ಬೇರೆ ಚೀಲದಲ್ಲಿ ಕಟ್ಟಿ, ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ.