ದೀಪಾವಳಿ ತಯಾರಿ: ಹಬ್ಬದಿಂದ ಹಿಂದಕ್ಕೆ ಎಣಿಸಿ

ದಸರಾ ರಜೆ ಮುಗಿಸಿ ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿ ಇನ್ನೂ ಸರಿಯಾಗಿ ಹೊಂದಿಕೊಂಡಿರುವುದಿಲ್ಲ, ಅಷ್ಟರಲ್ಲಿ ದೀಪಾವಳಿ ಬಾಗಿಲಿಗೆ ಬಂದು ನಿಂತಿರುತ್ತದೆ. ಆಫೀಸಿನಲ್ಲಿ ರಜೆ ಸಿಗುವುದು ಒಂದೋ ಎರಡೋ ದಿನ. ಆ ವಾರವೇ ಮಗನಿಗೆ ಯೂನಿಟ್ ಟೆಸ್ಟ್, ಆ ವಾರವೇ ಊರಿಂದ ಅತ್ತೆ ಮಾವ, ಆ ವಾರವೇ ಕೆಲಸದವರು ಎರಡು ದಿನ ರಜೆ. ಇದರ ಮಧ್ಯೆ ಸಿಹಿ ಮಾಡಬೇಕು, ಡಬ್ಬಿ ಕಟ್ಟಬೇಕು, ಹತ್ತು ಮನೆಗೆ ಉಡುಗೊರೆ ತರಬೇಕು.

ಅಡುಗೆಗೂ ಅಂಗಡಿಗೂ ಒಂದೇ ದಿನ ಕೈ ಹಾಕಿದಾಗಲೇ ಎಲ್ಲ ಕೆಡುವುದು. ಆದ್ದರಿಂದ ಹಬ್ಬದ ದಿನಾಂಕ ಹಿಡಿದುಕೊಂಡು ಹಿಂದಕ್ಕೆ ಎಣಿಸಿ. ಕೆಡದಿರುವುದನ್ನು ಮೊದಲು ಕೊಳ್ಳಿ, ಇಟ್ಟರೆ ಉಳಿಯುವುದನ್ನು ಮೊದಲು ಬೇಯಿಸಿ. ಕೊನೆಯ ದಿನಕ್ಕೆ ಹೂವು, ಹಾಲು, ಬಾಳೆಎಲೆ ಬಿಟ್ಟು ಬೇರೇನೂ ಉಳಿಯಬಾರದು.

ಮೂರು ವಾರ ಮೊದಲು: ಪಟ್ಟಿ

ಕಾಗದದಲ್ಲಿ ಬರೆಯಿರಿ, ಇಲ್ಲವೇ ಗಂಡ ಹೆಂಡತಿ ಇಬ್ಬರಿಗೂ ತೆರೆಯುವಂತೆ ಮೊಬೈಲಿನಲ್ಲಿ ಬರೆಯಿರಿ. ಒಬ್ಬರ ತಲೆಯಲ್ಲಿ ಮಾತ್ರ ಇರುವ ಪಟ್ಟಿಯ ಕೆಲಸವೆಲ್ಲ ಆ ಒಬ್ಬರ ಪಾಲಿಗೇ ಬೀಳುತ್ತದೆ. ಹೆಸರುಗಳನ್ನು ಮೂರು ಗುಂಪು ಮಾಡಿ: ಕೊರಿಯರ್‌ನಲ್ಲಿ ಕಳಿಸಬೇಕಾದವರು, ಮನೆಗೆ ಬರುವವರು, ನೀವೇ ಹೋಗಿ ಕೊಡಬೇಕಾದವರು. ಮೊದಲ ಗುಂಪಿನ ಕೆಲಸ ಈ ವಾರವೇ ಮುಗಿಯಲಿ.

ದೂರದ ಊರಿಗೆ ಕಳಿಸುವುದಾದರೆ ತಿಂಡಿಯ ಆಯ್ಕೆಯಲ್ಲಿ ಎಚ್ಚರ ಬೇಕು. ಬೆಳಗಾವಿ ಕುಂದಾ ಎಷ್ಟೇ ರುಚಿಯಾದರೂ ಹಾಲಿನ ಪಸೆ ಇರುವ ಮೆತ್ತನೆಯ ತಿನಿಸು, ಪ್ರಯಾಣ ತಾಳುವುದಿಲ್ಲ. ಗೋಕಾಕದ ಅಥವಾ ಅಮೀನಗಡದ ಕರದಂಟು ಹಾಗಲ್ಲ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ. ಹಾಲಿನ ಸೋಂಕೇ ಇಲ್ಲ. ಚೆನ್ನಾಗಿ ಹುರಿದ ಖೋವಾದ ಧಾರವಾಡ ಪೇಡೆ, ಗಟ್ಟಿ ಮೈಸೂರು ಪಾಕ್ ಕೂಡ ಪರವಾಗಿಲ್ಲ. ಖಾರದಲ್ಲಿ ಕೋಡುಬಳೆ ಕಳಿಸಿ, ಚಕ್ಕುಲಿ ಬೇಡ. ಚಕ್ಕುಲಿ ಹೊರಟದ್ದು ಸುತ್ತಾಗಿ, ತಲುಪುವುದು ಪುಡಿಯಾಗಿ.

ಎರಡು ವಾರ ಮೊದಲು: ಉಡುಗೊರೆ

ಉಡುಗೊರೆಗೆ ನನ್ನದು ಒಂದೇ ಪರೀಕ್ಷೆ: ಪಡೆದವರು ಅದನ್ನು ಬಳಸುತ್ತಾರೋ, ಕವರಿನ ಸಮೇತ ಇನ್ನೊಬ್ಬರಿಗೆ ದಾಟಿಸುತ್ತಾರೋ? ನಮ್ಮಲ್ಲಿ ಅತಿ ಹೆಚ್ಚು ದಾಟುವ ವಸ್ತು ರವಿಕೆ ಬಟ್ಟೆ. ಅರಿಶಿನ ಕುಂಕುಮದ ಜೊತೆ ಒಂದು ಮನೆಯಿಂದ ಹೊರಟದ್ದು ನಾಲ್ಕು ಮನೆ ತಿರುಗಿ, ಅದೇ ಮಡಿಕೆಯಲ್ಲಿ, ಕೊಟ್ಟವರಿಗೇ ವಾಪಸು ಬಂದಿರುವುದುಂಟು. ಯಾರೂ ಹೊಲಿಸದ ಆ ತೆಳು ಬಟ್ಟೆಯ ಬದಲು ಗುಳೇದಗುಡ್ಡದ ಕಣ ಕೊಡಿ. ಮಿರುಗುವ ಮೈ, ಸಣ್ಣ ಸಣ್ಣ ನೇಯ್ಗೆಯ ಚಿತ್ತಾರ, ಪಕ್ಕದಲ್ಲಿ ಅಂಚು. ಕಂಡವರು ಹೊಲಿಸದೆ ಬಿಡುವುದಿಲ್ಲ. ಬ್ಲೌಸ್ ಹಾಕದ ಹುಡುಗಿಯರು ಅದರಲ್ಲೇ ಪರ್ಸ್, ಬ್ಯಾಗ್ ಹೊಲಿಸಿಕೊಳ್ಳುತ್ತಾರೆ.

ಮಕ್ಕಳಿರುವ ಮನೆಗೆ ಚನ್ನಪಟ್ಟಣದ ಆಟಿಕೆ. ಹಾಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸಿ, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಆಮೇಲೆ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಬ್ರಷ್‌ನಿಂದ ಬಳಿದ ಪೇಂಟ್ ಅಂಚಿನಲ್ಲಿ ಗೀರಿದರೆ ಚಕ್ಕೆ ಏಳುತ್ತದೆ, ಅರಗಿನ ಬಣ್ಣ ಹಾಗೆ ಏಳುವುದಿಲ್ಲ. ಬಾಯಿಗಿಡುವ ಕೂಸಿಗಾದರೆ ಗಿಲಕಿ ಕೊಳ್ಳುವಾಗ ನೈಸರ್ಗಿಕ ಬಣ್ಣದ್ದೇ ಕೇಳಿ. ಬೆಂಗಳೂರು–ಮೈಸೂರು ನಡುವೆ ಓಡಾಡುವವರಿಗೆ ಒಂದು ಮಾತು: ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೇ ರಸ್ತೆಗೆ ಇಳಿದರೆ ಮಾತ್ರ ಸಾಲು ಅಂಗಡಿಗಳು ಸಿಗುತ್ತವೆ. ಪ್ಲಾಸ್ಟಿಕ್ ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಅದು ಕಡ್ಡಾಯ.

ಹಿರಿಯರಿಗೆ ಏನು ಕೊಡುವುದು ಎಂಬುದೇ ಕಷ್ಟ. "ನಮಗ್ಯಾಕಮ್ಮ ಇದೆಲ್ಲ" ಎನ್ನುತ್ತಲೇ ತೆಗೆದು ಬೀರುವಿನಲ್ಲಿಡುತ್ತಾರೆ. ಅವರಿಗೆ ಬಳಸಿ ಮುಗಿಯುವ ವಸ್ತುವೇ ವಾಸಿ. ಮೂರು ಸೋಪಿನ ಮೈಸೂರು ಸ್ಯಾಂಡಲ್ ಪೆಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ್ದು. 1918ರಿಂದ ಬಂದಿರುವ ಸೋಪು, ಅಜ್ಜಿಗೆ ಪರಿಚಯ ಮಾಡಿಸಬೇಕಿಲ್ಲ. ಎಣ್ಣೆಸ್ನಾನದ ಹಬ್ಬಕ್ಕೆ ಹೊಂದುತ್ತದೆ ಕೂಡ.

ಸೀರೆ ಕೊಡುವ ಯೋಚನೆ ಇದ್ದರೆ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಇಳಕಲ್ ಸೀರೆಯಾದರೆ ಸೆರಗನ್ನು ತಿರುಗಿಸಿ ಒಳಬದಿ ನೋಡಿ: ಮೈಯ ನೂಲೂ ಸೆರಗಿನ ನೂಲೂ ಕೊಂಡಿ ಕೊಂಡಿಯಾಗಿ ಕೂಡಿರುವ ಸಾಲು ಕೈಮಗ್ಗದ್ದರಲ್ಲಿ ಕಾಣುತ್ತದೆ. ಅಪ್ಪಟ ಮೈಸೂರು ಸಿಲ್ಕ್‌ಗಾಗಿ ಹಬ್ಬದ ವಾರ ರಾಜ್ಯ ಸರ್ಕಾರದ ಕೆಎಸ್‌ಐಸಿ ಮಳಿಗೆಗೆ ಮಕ್ಕಳನ್ನು ಕಟ್ಟಿಕೊಂಡು ಹೋಗುವ ಸಾಹಸ ಬೇಡ. ಈಚಿನ ವರ್ಷಗಳಲ್ಲಿ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತಿರುತ್ತದೆ. ಅಳಿಯನ ಮೊದಲ ದೀಪಾವಳಿಯಂಥ ಸಂದರ್ಭವಿದ್ದರೆ ಮಗಳ ಸೀರೆಯನ್ನು ದಸರೆಗೂ ಮೊದಲೇ ತಂದಿಟ್ಟುಬಿಡಿ. ಹತ್ತಿ ಬಟ್ಟೆಗೆ ಅಕ್ಟೋಬರ್ ಒಳ್ಳೆಯ ತಿಂಗಳು, ಗಾಂಧಿ ಜಯಂತಿಯಿಂದ ಖಾದಿ ಮಳಿಗೆಗಳಲ್ಲಿ ರಿಯಾಯಿತಿ ಶುರುವಾಗಿರುತ್ತದೆ.

ಆನ್‌ಲೈನ್‌ನಲ್ಲಿ ತರಿಸುವವರು ಒಂದು ಲೆಕ್ಕ ಹಾಕಬೇಕು. ಬೇಗ ತರಿಸಿ ಕಪಾಟಿನಲ್ಲಿಟ್ಟರೆ, ಕೊಡುವ ಹೊತ್ತಿಗೆ ವಾಪಸು ಮಾಡುವ ಅವಧಿ ಮುಗಿದಿರುತ್ತದೆ. ಹಾಗಾಗಿ ಬಂದ ದಿನವೇ ಬಿಚ್ಚಿ, ಆನ್ ಮಾಡಿ, ಅಳತೆ ನೋಡಿ, ಆಮೇಲೆ ಪ್ಯಾಕ್ ಮಾಡಿ. "ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಐದು ರೂಪಾಯಿ ಕಟ್ಟಿ" ಎಂಬ ಮೆಸೇಜಿನ ಲಿಂಕ್ ಮುಟ್ಟಲೇಬೇಡಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಂಗಡಿಯವರೊಂದಿಗಿನ ತಕರಾರಿಗೆ ಗ್ರಾಹಕ ಸಹಾಯವಾಣಿ 1915.

ಮನೆಗೆಲಸದವರಿಗೆ, ಕಸ ಒಯ್ಯುವವರಿಗೆ, ವಾಚ್‌ಮನ್‌ಗೆ ಆಫೀಸಿನಿಂದ ಬಂದ ಡಬ್ಬ ದಾಟಿಸುವುದು ಸರಿಯಲ್ಲ. ಅವರಿಗೂ ಹಬ್ಬದ ಖರ್ಚಿದೆ, ಮಕ್ಕಳಿಗೆ ಬಟ್ಟೆ ತರುವುದಿದೆ. ನಗದನ್ನು ಹಬ್ಬಕ್ಕೆ ಒಂದು ವಾರ ಮೊದಲೇ ಕೊಟ್ಟರೆ ಉಪಯೋಗಕ್ಕೆ ಬರುತ್ತದೆ. ಸಿಹಿ ಹಬ್ಬದ ದಿನ ಬೇರೆ ಕೊಡಿ.

ಹಿಂದಿನ ಭಾನುವಾರ: ಗೊಜ್ಜು

ಹಬ್ಬದ ವಾರ ಮನೆಯವರನ್ನು ಕಂಗೆಡಿಸುವುದು ಹೋಳಿಗೆಯಲ್ಲ, ದಿನನಿತ್ಯದ ಟಿಫಿನ್. ಅದಕ್ಕೆ ಪುಳಿಯೋಗರೆ ಗೊಜ್ಜು ಒಂದು ಮಾಡಿಟ್ಟುಕೊಂಡರೆ ಅರ್ಧ ವಾರ ಗೆದ್ದಂತೆ.

ನೂರು ಗ್ರಾಂ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಗಟ್ಟಿ ರಸ ತೆಗೆಯಿರಿ. ದಪ್ಪ ತಳದ ಬಾಣಲೆಯಲ್ಲಿ ಅರ್ಧ ಲೋಟ ಕಡಲೆಕಾಯಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವು ಹಾಕಿ ರಸ ಸುರಿಯಿರಿ. ಅರಿಶಿನ, ಉಪ್ಪು, ಹುಣಸೆಹಣ್ಣಿನಷ್ಟೇ ಬೆಲ್ಲ, ನಾಲ್ಕೈದು ಚಮಚ ಮನೆಯ ಸಾರಿನ ಪುಡಿ. ಸಣ್ಣ ಉರಿಯಲ್ಲಿ ಕುದಿಯಲಿ. ಮೊದಲು ಎಣ್ಣೆಯೆಲ್ಲ ಗೊಜ್ಜಿನೊಳಗೆ ಸೇರಿಹೋಗುತ್ತದೆ; ನೀರಿನಂಶ ಹೋದ ಮೇಲೆ ಅಂಚಿನಲ್ಲಿ ಮತ್ತೆ ಬಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತು ಕಾಯಲೇಬೇಕು, ಬೇಗ ಇಳಿಸಿದರೆ ಬೂಸ್ಟು ಬರುತ್ತದೆ. ಒಣ ಚಮಚ ಬಳಸಿದರೆ ಫ್ರಿಜ್ಜಿನಲ್ಲಿ ತಿಂಗಳು ಇರುತ್ತದೆ. ಹುರಿದ ಎಳ್ಳಿನ ಪುಡಿ, ಒಣಕೊಬ್ಬರಿ, ಕರಿದ ಕಡಲೆಕಾಯಿಯನ್ನು ಮಾತ್ರ ಗೊಜ್ಜಿಗೆ ಹಾಕಿಡಬೇಡಿ. ಎಳ್ಳು, ಕೊಬ್ಬರಿ ಕಮಟುತ್ತವೆ, ಕಡಲೆಕಾಯಿ ಮೆತ್ತಗಾಗುತ್ತದೆ. ಕಲಸುವಾಗ ಹಾಕಿ.

ಸೋಮವಾರ ಅನ್ನಕ್ಕೆ ಕಲಸಿದರೆ ಪುಳಿಯೋಗರೆ. ಬುಧವಾರ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ತರಿ ಮಾಡಿ, ಗೊಜ್ಜನ್ನು ನೀರಿನಲ್ಲಿ ಕದಡಿ ಸುರಿದು ಕಾಲು ಗಂಟೆ ಮುಚ್ಚಿಟ್ಟರೆ ಗೊಜ್ಜವಲಕ್ಕಿ. ಒಲೆ ಹಚ್ಚುವುದು ಒಗ್ಗರಣೆಗಷ್ಟೇ. ಶುಕ್ರವಾರ ಬೇಯಿಸಿದ ಶಾವಿಗೆಗೆ. ಮಕ್ಕಳು ಮೂರನ್ನೂ ಬೇರೆ ಬೇರೆ ತಿಂಡಿ ಎಂದೇ ತಿನ್ನುತ್ತಾರೆ, ಹೇಳಲು ಹೋಗಬೇಡಿ.

ಅದೇ ಭಾನುವಾರ ಒಂದು ಕೆಜಿ ಬನ್ಸಿ ರವೆಯನ್ನು ಒಗ್ಗರಣೆ ಸಮೇತ ಹುರಿದು ಡಬ್ಬಕ್ಕೆ ತುಂಬಿಡಿ. ನೀರು ಕುದಿಸಿ ಸುರಿದರೆ ಉಪ್ಪಿಟ್ಟು.

ಎರಡು ದಿನ ಮೊದಲು: ಸೆವೆನ್ ಕಪ್

ಹೋಳಿಗೆಯನ್ನು ಹೋಳಿಗೆ ಮನೆಯಿಂದ ತನ್ನಿ, ವಾರದ ಮೊದಲೇ ಹೇಳಿಟ್ಟರೆ ಆಯಿತು. ಚಕ್ಕುಲಿಯನ್ನು ಕಾಂಡಿಮೆಂಟ್ಸ್‌ನಿಂದ ತನ್ನಿ, ಒಂದನ್ನು ಮುರಿದು ಮೂಸಿ ನೋಡಿ. ಹಳೇ ಎಣ್ಣೆ ಮೂಗಿಗೇ ತಿಳಿಯುತ್ತದೆ. ಸಿಹಿ ಅಂಗಡಿಯಲ್ಲಿ ಬಿಡಿ ಸಿಹಿಯ ಟ್ರೇ ಮುಂದೆ ಎಂದಿನವರೆಗೆ ತಿನ್ನಬಹುದು ಎಂಬ ದಿನಾಂಕ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ಆದೇಶ ಮಾಡಿದೆ. ಕೇಳಿ. ಹಾಗೆಯೇ ಡಬ್ಬದ ಸಮೇತ ತೂಗಲು ಬಿಡಬೇಡಿ, ರಟ್ಟಿಗೆ ತುಪ್ಪದ ಬೆಲೆ ಕೊಡಬೇಕಾಗುತ್ತದೆ.

ಮನೆಯಲ್ಲಿ ಒಂದಾದರೂ ಸಿಹಿ ಆಗಲೇಬೇಕು ಅನ್ನುವವರಿಗೆ ಸೆವೆನ್ ಕಪ್. ಪಾಕ ಹಿಡಿಯುವ ತಲೆನೋವಿಲ್ಲ, ಒಂದೇ ಬಾಣಲೆ. ಕಡಲೆಹಿಟ್ಟು, ಹಾಲು, ತುಪ್ಪ, ತೆಂಗಿನ ತುರಿ ತಲಾ ಒಂದು ಲೋಟ, ಸಕ್ಕರೆ ಮೂರು. ಒಟ್ಟು ಏಳು. ಸಕ್ಕರೆ ಎರಡೂವರೆಗೆ ಇಳಿಸಬಹುದು, ಅದಕ್ಕಿಂತ ಕಡಿಮೆಯಾದರೆ ಬಿಲ್ಲೆ ಕೂರುವುದಿಲ್ಲ.

ತಟ್ಟೆಗೆ ತುಪ್ಪ ಸವರಿ ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಅದಕ್ಕೆ ಪುರುಸೊತ್ತು ಇರುವುದಿಲ್ಲ. ಜರಡಿ ಹಿಡಿದ ಹಿಟ್ಟನ್ನು ಎರಡು ಚಮಚ ತುಪ್ಪದಲ್ಲಿ ಹಸಿ ವಾಸನೆ ಹೋಗುವಷ್ಟು ಹುರಿದು, ಒಲೆಯಿಂದ ಇಳಿಸಿ, ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ. ಉಳಿದದ್ದನ್ನೆಲ್ಲ ಸೇರಿಸಿ ಮಧ್ಯಮ ಉರಿಯಲ್ಲಿ ಕೈ ಬಿಡದೆ ಕೆದಕಿ. ಮೊದಲು ತೆಳ್ಳಗಾಗುತ್ತದೆ, ಹೆದರಬೇಡಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ದಪ್ಪವಾಗಿ ತಳ ಬಿಡಲು ಶುರುವಾಗುತ್ತದೆ. ಅಂಚಿನಲ್ಲಿ ಬಿಳಿ ನೊರೆ ಎದ್ದು ಇಡೀ ಮುದ್ದೆ ಸೌಟಿನ ಜೊತೆ ತಿರುಗಿದಾಗ ತಕ್ಷಣ ತಟ್ಟೆಗೆ ಸುರಿಯಿರಿ. ಒಂದು ನಿಮಿಷ ಮುಂಚೆಯಾದರೆ ಹಲ್ವ, ತಡವಾದರೆ ಪುಡಿ. ಹಲ್ವ ಆದದ್ದನ್ನು ಮತ್ತೆ ಒಲೆಗೇರಿಸಿ. ಪುಡಿಯಾದದ್ದಕ್ಕೆ ಎರಡು ಚಮಚ ಹಾಲು ಚಿಮುಕಿಸಿ ಬಿಸಿ ಮಾಡಿ ಒತ್ತಿ. ಬೆಚ್ಚಗಿರುವಾಗಲೇ ಗೆರೆ ಹಾಕಿ, ಆರಿದ ಮೇಲೆ ಬಿಡಿಸಿ. ಹಸಿ ತೆಂಗು ಇರುವುದರಿಂದ ನಾಲ್ಕೈದು ದಿನದೊಳಗೆ ಖರ್ಚಾಗಬೇಕು.

ಕೆದಕುವ ಹೊತ್ತಿನಲ್ಲಿ ಮಕ್ಕಳಿಗೊಂದು ಕೆಲಸ ಕೊಡಿ: ಹಣತೆಗಳನ್ನು ನೀರಿನಲ್ಲಿ ಮುಳುಗಿಸಿಡುವುದು. ನೆನೆಸಿ ಒಣಗಿಸಿದ ಮಣ್ಣಿನ ಹಣತೆ ಎಣ್ಣೆ ಹೀರುವುದು ಕಡಿಮೆ. ಪಟಾಕಿಯನ್ನು ಅವರೊಂದಿಗೇ ಹೋಗಿ ತನ್ನಿ, ಪೆಟ್ಟಿಗೆಯ ಮೇಲೆ ಹಸಿರು ಪಟಾಕಿಯ ಗುರುತು ಹುಡುಕುವುದು ಅವರಿಗೇ ಬಿಡಿ.

ನೀರು ತುಂಬುವ ದಿನ

ಸಂಜೆ ಆಫೀಸಿನಿಂದ ಬೇಗ ಹೊರಟರೆ ಸಾಕು, ಬೇರೆ ಸಿದ್ಧತೆ ಬೇಡ. ಹಂಡೆ ಇರುವವರು ತೊಳೆದು ಪೂಜಿಸಿ. ಫ್ಲಾಟಿನಲ್ಲಿರುವವರು ಗೀಸರಿಗೇ ಅರಿಶಿನ ಕುಂಕುಮ ಹಚ್ಚಿ, ಒಂದು ತಂಬಿಗೆ ನೀರು ತುಂಬಿಟ್ಟು ಕೈ ಮುಗಿಯುತ್ತಾರೆ, ನಗಬೇಕಾಗಿಲ್ಲ. ಮರುದಿನ ಬೆಳಗ್ಗೆ ಎಲ್ಲರಿಗೂ ಎಣ್ಣೆಸ್ನಾನವೆಂದರೆ ಗೀಸರಿಗೂ ಸರದಿ ಬೇಕು. ಹಿರಿಯರು ಮೊದಲು, ಮಕ್ಕಳು ಆಮೇಲೆ, ಕೂದಲು ಉದ್ದ ಇರುವವರು ಕೊನೆಗೆ. ಮಧ್ಯಾಹ್ನಕ್ಕೆ ಅನ್ನ, ತೊವ್ವೆ, ಒಂದು ಪಲ್ಯ, ಕೋಸಂಬರಿ, ತಂದ ಹೋಳಿಗೆ ಸಾಕು. ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲೆ ಅಕ್ಕಿ ಇಟ್ಟರೆ ಎರಡೂ ಒಟ್ಟಿಗೆ ಬೇಯುತ್ತವೆ.

ಪಾಡ್ಯದ ಹೊತ್ತಿಗೆ ಅಕ್ಕಪಕ್ಕದ ಮನೆಗಳಿಗೆ ಸಿಹಿ ಓಡಾಡಲು ಶುರುವಾಗುತ್ತದೆ. ಪ್ಲಾಸ್ಟಿಕ್ ಡಬ್ಬದಲ್ಲಿ ಕೊಟ್ಟರೆ ಅಲ್ಲಿಗೇ ಮುಗಿಯಿತು. ಸ್ಟೀಲ್ ಡಬ್ಬಿಯಲ್ಲಿ ಕೊಟ್ಟರೆ ಅದು ಖಾಲಿ ವಾಪಸು ಬರುವುದಿಲ್ಲ, ಅವರ ಮನೆಯ ರವೆ ಉಂಡೆಯೋ ಸೌತೆಕಾಯಿ ಕಡುಬೋ ತುಂಬಿಕೊಂಡು ಬರುತ್ತದೆ. ಮುಚ್ಚಳದ ಒಳಗೆ ಮತ್ತು ತಳದಲ್ಲಿ, ಎರಡೂ ಕಡೆ ಟೇಪ್ ಅಂಟಿಸಿ ಮನೆ ನಂಬರ್ ಬರೆಯಿರಿ. ಮುಚ್ಚಳ ಒಬ್ಬರ ಮನೆಯಲ್ಲಿ, ಡಬ್ಬಿ ಇನ್ನೊಬ್ಬರ ಮನೆಯಲ್ಲಿ ಉಳಿಯುವುದು ಇಲ್ಲೇ.