ಆಗಬೋಟು ಹತ್ತಿ ಉತ್ತರಕ್ಕೆ

ನಮ್ಮ ಅತ್ತೆಗೆ ಈಗ 86. ಮದುವೆಯಾದ ಹೊಸತರಲ್ಲಿ ಕಾರವಾರದಿಂದ ಮುಂಬೈಗೆ ಆಗಬೋಟಿನಲ್ಲಿ, ಅಂದರೆ ಉಗಿ ಹಡಗಿನಲ್ಲಿ, ಹೋಗಿದ್ದನ್ನು ಇವತ್ತಿಗೂ ಮೊನ್ನೆ ನಡೆದ ಹಾಗೆ ಹೇಳುತ್ತಾರೆ. ದೊಡ್ಡ ಹಡಗು ದೂರ ನಿಲ್ಲುತ್ತಿತ್ತಂತೆ. ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತಂತೆ. ಟ್ರಂಕು, ತೆಂಗಿನಕಾಯಿ ಚೀಲ, ಅಳುವ ಮಕ್ಕಳು ಎಲ್ಲಾ ಡೆಕ್ಕಿನ ಮೇಲೇ. ಮಳೆಗಾಲ ಬಂತು ಅಂದರೆ ಬೋಟು ಬಂದ್. ಆ ಹಡಗುಗಳು ನಿಂತು ಎಷ್ಟೋ ಕಾಲವಾಯಿತು. ನಾನು ಹುಟ್ಟಿ ಬೆಳೆದದ್ದು ಅಂಕೋಲೆಯ ಕಡಲ ದಂಡೆಯಲ್ಲಿ. ಆದರೂ ತದಡಿಯಲ್ಲಿ ತಾರಿ ದಾಟಿದ್ದು ಬಿಟ್ಟರೆ ಹಡಗು ಹತ್ತಿದವಳಲ್ಲ.

ನಾನು ಶಾಲೆಯಿಂದ, ಇವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೆಂಗಳೂರಿನ ಮಗಳು ಹಠ ಹಿಡಿದಳು, ಒಂದು ಕ್ರೂಸ್ ಹೋಗಿ ಬನ್ನಿ ಅಂತ. ಅವಳು ತೋರಿಸಿದ ಹಡಗುಗಳಲ್ಲಿ ಈಜುಕೊಳ, ನಾಟಕಶಾಲೆ, ಅಂಗಡಿ ಬೀದಿ ಎಲ್ಲಾ ಇದ್ದವು. ಚೆನ್ನಾಗೇ ಇದ್ದವು. ಆದರೆ ಇವರಿಗೆ ಮನಸ್ಸು ಬರಲಿಲ್ಲ. "ನನಗೆ ಹಡಗಿನೊಳಗಿನ ಪೇಟೆ ಬೇಡ. ದಂಡೆ ನೋಡ್ಬೇಕು, ಬಂದರು ನೋಡ್ಬೇಕು" ಅಂದರು. ಹುಡುಕುತ್ತಾ ಹೋದಾಗ ನಾರ್ವೆಯ ಕರಾವಳಿ ಹಡಗು ಸಿಕ್ಕಿತು.

ಇದನ್ನು ಅಲ್ಲಿಯವರು ಹುರ್ಟಿಗ್ರುಟನ್ ಅನ್ನುತ್ತಾರೆ. ಬೇಗ ಹೋಗುವ ದಾರಿ ಅಂತ ಅರ್ಥ. 1893ರ ಜುಲೈ 2ರಂದು ಮೊದಲ ಹಡಗು ಟ್ರೋನ್‌ಹೈಮ್ ಎಂಬ ಊರಿಂದ ಹಾಮರ್‌ಫೆಸ್ಟ್‌ಗೆ ಹೊರಟಿತು. ಉತ್ತರದ ಊರುಗಳಿಗೆ ಆಗ ರಸ್ತೆ ಇರಲಿಲ್ಲ. ಟಪಾಲು, ಹಿಟ್ಟು, ಔಷಧ, ಜನ ಎಲ್ಲಾ ಇದರಲ್ಲೇ ಹೋಗಬೇಕಿತ್ತು. ಇವತ್ತು ಎರಡು ಕಂಪನಿಗಳು ಸೇರಿ ಇದನ್ನು ನಡೆಸುತ್ತವೆ. ದಕ್ಷಿಣದ ಬರ್ಗೆನ್‌ನಿಂದ ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್ ತನಕ 34 ಬಂದರು. ಹೋಗಿ ಬರಲು 12 ದಿನ. ಅಷ್ಟು ಉತ್ತರದಲ್ಲೂ ಚಳಿಗಾಲದಲ್ಲಿ ಬಂದರು ಹೆಪ್ಪುಗಟ್ಟುವುದಿಲ್ಲ, ಅಟ್ಲಾಂಟಿಕ್‌ನ ಬಿಸಿನೀರಿನ ಪ್ರವಾಹ ಆ ದಂಡೆಯನ್ನು ಮುಟ್ಟಿಕೊಂಡು ಹೋಗುತ್ತದೆ. ಹಾಗಾಗಿ ವರ್ಷವಿಡೀ ಓಡುತ್ತದೆ. ಓದುತ್ತಾ ಇದ್ದ ಹಾಗೆ ಇವರು "ಇದು ಅಮ್ಮನ ಆಗಬೋಟೇ ಅಲ್ವಾ!" ಅಂದರು. ಅಲ್ಲಿಗೆ ತೀರ್ಮಾನವಾಯಿತು.

ಹೋಗಬೇಕು ಅಂತಿರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಇದು ಹೆಚ್ಚುಕಡಿಮೆ ನಮ್ಮ ಬಸ್ಸಿನ ಹಾಗೆ. ದಿನಕ್ಕೊಂದು ಹಡಗು ಬರುತ್ತದೆ, ಬಂದರಿನಿಂದ ಬಂದರಿಗೆ ಟಿಕೆಟ್ ತೆಗೆಯಬಹುದು. ಪೂರಾ 12 ದಿನದ ಪ್ಯಾಕೇಜೇ ಬೇಕು ಅಂತಿಲ್ಲ. ನಾವು ಬರ್ಗೆನ್‌ನಿಂದ ಲೋಫೋಟೆನ್ ದ್ವೀಪಗಳ ಸ್ವೋಲ್ವರ್ ತನಕ ಮೂರು ರಾತ್ರಿ ಹೋದೆವು. ಅಲ್ಲಿ ಇಳಿದು ಎರಡು ರಾತ್ರಿ ಉಳಿದೆವು. ಆಮೇಲಿನ ಹಡಗು ಹತ್ತಿ ಇನ್ನು ಮೂರು ರಾತ್ರಿಯಲ್ಲಿ ಕಿರ್ಕೆನೆಸ್ ಮುಟ್ಟಿ, ಅಲ್ಲಿಂದ ವಿಮಾನದಲ್ಲಿ ಓಸ್ಲೋಗೆ ಬಂದೆವು. ಇಳಿದು ಉಳಿದ ಆ ಎರಡು ದಿನವೇ ನಮ್ಮ ಪ್ರವಾಸದ ಜೀವ. ಅದನ್ನು ಮುಂದೆ ಹೇಳುತ್ತೇನೆ.

ವೀಸಾ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದೆವು. ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕಡಿಮೆ ಎಂದರೆ 30,000 ಯೂರೋ ವೈದ್ಯಕೀಯ ವಿಮೆ ಇರಬೇಕು, ಮತ್ತು ಅದು ಅಲ್ಲಿ ಕಾಲಿಟ್ಟ ದಿನದಿಂದ ಹೊರಡುವ ದಿನದ ತನಕ ಇರಬೇಕು. ನಮಗೆ ಕಾಗದಪತ್ರ ಮಾಡಿಕೊಟ್ಟ ಏಜೆಂಟರು ಹಡಗಿನಲ್ಲಿರುವ ದಿನಗಳಿಗೆ ಮಾತ್ರ ವಿಮೆ ಮಾಡಿಸಿದ್ದರು. ಪಂಚಗಂಗಾ ರೈಲಿನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋದವರು, ಕೌಂಟರಿನಲ್ಲಿ ಅದು ಗೊತ್ತಾಗಿ ಸುಮ್ನೆ ವಾಪಸಾದೆವು. ಎರಡನೇ ಸಲ ಮಗಳೇ ಎಲ್ಲಾ ತಾರೀಖು ಕೂಡಿಸಿ ನೋಡಿದಳು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೂ ಅರ್ಜಿ ಹಾಕಬಹುದು. ಬೇಗ ಹಾಕಿ.

ಸಾಮಾನು ಕಟ್ಟುವಾಗ ತುಪ್ಪ, ಪೇಡೆ ಮನೆಯಲ್ಲೇ ಬಿಡಬೇಕಾಯಿತು. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಲು ಅಲ್ಲಿ ಬಿಡುವುದಿಲ್ಲ. ಅಕ್ಕಿ, ಅವಲಕ್ಕಿ, ಮಸಾಲೆ ಪುಡಿ, ಸೋಲಾಂ, ಅಂದರೆ ಒಣ ಮುರುಗಲು ಸಿಪ್ಪೆ, ಮೀನು ಸಾರಿಗೆ ಹಾಕುವ ಪರಿಮಳದ ಕಾಯಿ ತಿರ್ಫಳ ಒಂದು ಹಿಡಿ ಇಷ್ಟು ಕಟ್ಟಿಕೊಂಡೆ. ಬಟ್ಟೆ ವಿಷಯದಲ್ಲಿ ದಪ್ಪ ಕೋಟು ಒಂದೇ ಸಾಲದು. ಮೈಗೆ ಅಂಟುವ ಉಣ್ಣೆಯ ಒಳಬಟ್ಟೆ, ಮೇಲೊಂದು ಸ್ವೆಟರು, ಅದರ ಮೇಲೆ ಗಾಳಿ, ಮಳೆ ತಡೆಯುವ ಜಾಕೀಟು ಬೇಕು. ಅಲ್ಲಿ ಕಾಡುವುದು ಚಳಿಗಿಂತ ಗಾಳಿ. ಛತ್ರಿ ಉಪಯೋಗಕ್ಕೆ ಬರಲಿಲ್ಲ.

ಬರ್ಗೆನ್‌ನಲ್ಲಿ ಇಳಿದಾಗ ಮಳೆ. ನಮ್ಮ ಮಳೆಯ ಹಾಗೆ ಸುರಿಯುವುದಲ್ಲ, ಜಿಟಿಜಿಟಿ ನಿಲ್ಲದ ಮಳೆ. ವರ್ಷದಲ್ಲಿ 200ಕ್ಕೂ ಜಾಸ್ತಿ ದಿನ ಅಲ್ಲಿ ಮಳೆ ಬೀಳುತ್ತದೆ. ಬಂದರಿನ ಪಕ್ಕದಲ್ಲಿ ಬ್ರಿಗೆನ್ ಅಂತ ಹಳೆಯ ಮರದ ಮನೆಗಳ ಸಾಲು ಇದೆ. 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಜರ್ಮನಿಯ ವರ್ತಕರು ಶತಮಾನಗಟ್ಟಲೆ ಅಲ್ಲಿ ಕೂತು ಉತ್ತರದ ಒಣಮೀನು ಕೊಂಡು ಧಾನ್ಯ ಮಾರುತ್ತಿದ್ದರಂತೆ. ಒಣಮೀನಿನಿಂದ ಎದ್ದ ಪೇಟೆ! ನಾನು ಗೋಡೆ ಮುಟ್ಟಿ ನೋಡಿದೆ.

ಹಡಗಿನಲ್ಲಿ ಕಿಟಕಿ ಇಲ್ಲದ, ಕೆಳಗಿನ ಅಂತಸ್ತಿನ, ನಡುಭಾಗದ ಕೋಣೆ ತೆಗೆದುಕೊಂಡಿದ್ದೆವು. ದುಡ್ಡು ಉಳಿಯಲಿ ಅಂತ ಮಾಡಿದ್ದು, ಆದರೆ ಅದೇ ಒಳ್ಳೆಯದಾಯಿತು. ಹಗಲೆಲ್ಲಾ ನಾವು ಡೆಕ್ಕಿನ ಮೇಲೇ. ಕೆಳಗೆ, ನಡುವೆ ಇದ್ದರೆ ತೂಗಾಟವೂ ಕಡಿಮೆ. ಎರಡನೇ ರಾತ್ರಿ ಹುಸ್ಟಾಡ್‌ವಿಕಾ ಅನ್ನುವ ತೆರೆದ ಕಡಲಿನ ಭಾಗ ಬಂತು. ಹೆಚ್ಚಾಗಿ ದ್ವೀಪಗಳ ಮರೆಯಲ್ಲಿ ಸಾಗುವ ಹಡಗಿಗೆ ಅಲ್ಲಿ ಮರೆಯೇ ಇಲ್ಲ. ಇವರಿಗೆ ಹೊಟ್ಟೆ ತೊಳಸಿ, ಬೆವರಿ, ನನಗೆ ನಿಜಕ್ಕೂ ಹೆದರಿಕೆಯಾಯಿತು. ಡಾಕ್ಟರು ಬರೆದುಕೊಟ್ಟ ಮಾತ್ರೆ ಚೀಲದಲ್ಲೇ ಇತ್ತು. ಆದರೆ ಅದನ್ನು ತೂಗಾಟ ಶುರುವಾಗುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಾದರೂ ಹೇಗೆ? ಮುಂದೆ ಬೋಡೋ ಬಂದರು ದಾಟಿ ಮತ್ತೆ ತೆರೆದ ಕಡಲು ಬರುವಾಗ ಒಂದು ಗಂಟೆ ಮೊದಲೇ ಕೊಟ್ಟೆ. ದಿಗಂತ ನೋಡುತ್ತಾ ಕೂತರು, ಏನೂ ಆಗಲಿಲ್ಲ.

ಬಂದರು ಬಂದಾಗಲೆಲ್ಲ ನಾವು ಕಟಾಂಜನಕ್ಕೆ ಒರಗಿ ನಿಲ್ಲುತ್ತಿದ್ದೆವು. ಕೆಲವು ಕಡೆ ಕಾಲು ಗಂಟೆ ಮಾತ್ರ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆರೆಯುತ್ತದೆ, ಫೋರ್ಕ್‌ಲಿಫ್ಟ್ ಒಳಹೊರಗೆ ಓಡಾಡುತ್ತದೆ. ಒಂದೂರಲ್ಲಿ ಸೋಫಾ ಇಳಿಯಿತು. ಇನ್ನೊಂದರಲ್ಲಿ ಮೀನಿನ ಪೆಟ್ಟಿಗೆ ಹತ್ತಿದವು. ಒಂದು ಕಡೆ ಫುಟ್ಬಾಲ್ ಆಡುವ ಶಾಲೆ ಹುಡುಗಿಯರ ತಂಡ ಹತ್ತಿ, ಎರಡು ಬಂದರು ಆಚೆ ಇಳಿದು ಹೋಯಿತು. ಟ್ರೊಮ್ಸೋ ಆಸ್ಪತ್ರೆಗೆ ಹೊರಟ ಒಬ್ಬ ಅಜ್ಜಿ ನನ್ನ ಪಕ್ಕದಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದರು. ವಿಮಾನ ಇದೆ, ಆದರೆ ಹಡಗಿನಲ್ಲಿ ಕಾಲು ಚಾಚಿ ಹೋಗಬಹುದು ಅಂದರು. ಅವರಿಗೆ ಇದು ಪ್ರವಾಸ ಅಲ್ಲ, ಓಡಾಟ. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಹಿತವಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಉತ್ತರ ಧ್ರುವವೃತ್ತ ದಾಟಿದೆವು. 66 ಡಿಗ್ರಿ 33 ಮಿನಿಟು ಉತ್ತರ ಅಕ್ಷಾಂಶ. ಸಣ್ಣ ಬಂಡೆಯ ದ್ವೀಪದ ಮೇಲೆ ಲೋಹದ ಗೋಲ ಒಂದಿದೆ, ಅದೇ ಗುರುತು. ಹಡಗು ಉದ್ದಕ್ಕೆ ಕೂಗು ಹಾಕಿತು. ಎದೆಯೊಳಗೆ ಇಳಿಯುವಂಥ ಕೂಗು. ಇವರು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ಡೆಕ್ಕಿನ ಮೇಲೆ ಸಾಲು ನಿಲ್ಲಿಸಿ ಬೆನ್ನಿಗೆ ಮಂಜುಗಡ್ಡೆ ನೀರು ಹಾಕುವ ಪದ್ಧತಿ. ನಾನೂ ಹಾಕಿಸಿಕೊಂಡೆ.

ಅದೇ ಸಂಜೆ ಲೋಫೋಟೆನ್ ಕಂಡಿತು. ಕಡಲಿನೊಳಗಿಂದ ಗೋಡೆ ಎದ್ದ ಹಾಗೆ ಸಾಲು ಬೆಟ್ಟ, ತಲೆಯ ಮೇಲೆ ಹಿಮ. ರಾತ್ರಿ ಒಂಬತ್ತು ದಾಟಿದ್ದರೂ ಬೆಳಕು ನಮ್ಮ ನಾಲ್ಕು ಗಂಟೆಯ ಬಿಸಿಲಿನ ಹಾಗೆ. ಸ್ವೋಲ್ವರ್‌ನಲ್ಲಿ ಇಳಿದ ಕೂಡಲೇ ವಾಸನೆ ಬಂತು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಒಣಮೀನು! ಅಂಕೋಲೆಯಲ್ಲಿ ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮೀನು ಕೂಡಿಡುವಾಗ ಮನೆಮನೆಯಲ್ಲಿ ಬರುವ ವಾಸನೆ.

ಮಾರನೇ ದಿನ ಪೂರಾ ನಾವು ಮೀನು ಒಣಗಿಸುವ ಚಪ್ಪರಗಳ ಸುತ್ತ ತಿರುಗಿದೆವು. ಮನೆಯೆತ್ತರದ ಮರದ ಕಂಬಗಳು, ಅವಕ್ಕೆ ಅಡ್ಡ ಗಳುಗಳು. ತಲೆ ಕಡಿದ ಕಾಡ್ ಮೀನನ್ನು ಎರಡೆರಡರಂತೆ ಬಾಲಕ್ಕೆ ಕಟ್ಟಿ ತೂಗುಹಾಕುತ್ತಾರೆ. ಈ ಮೀನು ಚಳಿಗಾಲದಲ್ಲಿ ಬ್ಯಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಲೋಫೋಟೆನ್‌ಗೆ ಬರುತ್ತದೆ. ಫೆಬ್ರವರಿಯಿಂದ ಹಿಡಿದು ಒಣಗಲು ಹಾಕುತ್ತಾರೆ. ಮೇ, ಜೂನ್ ಹೊತ್ತಿಗೆ ಇಳಿಸುತ್ತಾರೆ. ನಾವು ಮೇ ಕೊನೆ ಆರಿಸಿಕೊಂಡದ್ದೂ ಇದಕ್ಕೇ. ಜುಲೈಯಲ್ಲಿ ಹೋದರೆ ಬರೀ ಕಂಬ ಕಾಣುತ್ತಿತ್ತು.

ನನಗೆ ಆಶ್ಚರ್ಯವಾದದ್ದು ಉಪ್ಪು. ಒಂದು ಹರಳೂ ಹಾಕುವುದಿಲ್ಲ. ನಮ್ಮಲ್ಲಿ ಒಣಶೆಟ್ಲಿ, ಅಂದರೆ ಸಣ್ಣ ಸಿಗಡಿಯಂಥದನ್ನು ಬಿಸಿಲಿಗೇ ಹರಡಿದರೂ ಬಂಗಡೆಗೆ ಉಪ್ಪು ಬೇಕೇ ಬೇಕು. ಇಲ್ಲದಿದ್ದರೆ ಸೆಕೆಗೆ ಸಂಜೆಯೊಳಗೆ ಕೆಟ್ಟೀತು. ಅಲ್ಲಿ ಆ ತಿಂಗಳುಗಳಲ್ಲಿ ಹವೆ ಸೊನ್ನೆ ಡಿಗ್ರಿಯ ಆಸುಪಾಸು ನಿಲ್ಲುತ್ತದೆ. ಕೊಳೆಯುವಷ್ಟು ಬೆಚ್ಚಗಿಲ್ಲ, ಕಲ್ಲಾಗುವಷ್ಟು ತಣ್ಣಗೂ ಇಲ್ಲ. ಕಡಲ ಗಾಳಿ ಒಂದೇ ಸಮ ಬೀಸಿ ನೀರು ಎಳೆದುಬಿಡುತ್ತದೆ. ನೊಣದ ಕಾಲ ಬರುವ ಮೊದಲೇ ಮೀನು ಕಟ್ಟಿಗೆಯಾಗಿರುತ್ತದೆ. ವರ್ಷಗಟ್ಟಲೆ ಕೆಡುವುದಿಲ್ಲ. ಒಳ್ಳೆಯದು ಇಟಲಿಗೆ ಹೋಗುತ್ತದೆ, ಒಣಗಿಸಿದ ತಲೆಗಳು ನೈಜೀರಿಯಾಕ್ಕೆ. ಇಷ್ಟನ್ನೂ ಚಪ್ಪರದ ಹತ್ತಿರ ಕೆಲಸ ಮಾಡುತ್ತಿದ್ದವರೊಬ್ಬರು ನಿಂತು ವಿವರಿಸಿದರು. ನಮ್ಮೂರಿನ ಒಣಮೀನಿನ ಫೋಟೋ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ನೋಡಿ, ಎಷ್ಟು ಉಪ್ಪು, ಎಷ್ಟು ದಿನ ಅಂತೆಲ್ಲಾ ಕೇಳಿದರು. ಅರ್ಧ ಗಂಟೆ ಮಾತಾಡಿದೆವು. ಇಂಥ ಮಾತಿಗೆ ಗೈಡ್ ಬೇಕಾಗಲಿಲ್ಲ.

ಉಳಿದದ್ದು ರೊರ್ಬುವಿನಲ್ಲಿ. ದೂರದಿಂದ ಬರುವ ಮೀನುಗಾರರಿಗೆ ಅಂತ ನೀರಿನ ಮೇಲೆ ಕಂಬ ನೆಟ್ಟು ಕಟ್ಟುತ್ತಿದ್ದ ಕೆಂಪು ಬಣ್ಣದ ಮರದ ಬಿಡಾರ ಅದು. ಈಗ ಪ್ರವಾಸಿಗಳಿಗೂ ಕೊಡುತ್ತಾರೆ. ಅಡುಗೆಮನೆ ಇತ್ತು. ತಾಜಾ ಕಾಡ್ ತಂದು ಸೋಲಾಂ, ಮೆಣಸಿನ ಪುಡಿ, ತಿರ್ಫಳ ಹಾಕಿ ಸಾರು ಮಾಡಿದೆ. ತೆಂಗಿನಕಾಯಿ ಇರಲಿಲ್ಲ. ಮೀನು ಹಗುರ, ನಮ್ಮ ಬಂಗಡೆಯ ಎಣ್ಣೆಯಂಶ ಇಲ್ಲ. ಆದರೂ ಅನ್ನಕ್ಕೆ ಕಲಸಿ ಉಂಡಾಗ ಇವರು ಎರಡು ದಿನದ ಸುಸ್ತು ಮರೆತರು. ಹಡಗಿನಲ್ಲಿ ನಮ್ಮ ಟಿಕೆಟ್ಟಿಗೆ ಬೆಳಗಿನ ತಿಂಡಿ ಮಾತ್ರ ಸೇರಿತ್ತು. ಊಟ ದುಬಾರಿ. ಅವಲಕ್ಕಿ ಕೈ ಹಿಡಿಯಿತು.

ಕತ್ತಲೆಯೇ ಆಗದ ಊರಲ್ಲಿ ನನಗೆ ಕಷ್ಟವಾದದ್ದು ನಿದ್ದೆಯಲ್ಲ, ಸಂಜೆ. ದೇವರಿಗೆ ದೀಪ ಹಚ್ಚುವ ಹೊತ್ತು ಅಂತ ಒಂದು ಬರುವುದೇ ಇಲ್ಲ. ಕ್ಯಾಬಿನ್ನಿನಲ್ಲಿ ಬೆಂಕಿ ಹಚ್ಚುವ ಹಾಗೂ ಇಲ್ಲ. ಗಡಿಯಾರದಲ್ಲಿ ಏಳಾದಾಗ ಸುಮ್ಮನೆ ಕೈಮುಗಿಯುತ್ತಿದ್ದೆ. ಇವರ ಬಿಪಿ ಮಾತ್ರೆಗೂ ಫೋನಿನಲ್ಲಿ ಅಲಾರಂ ಇಟ್ಟೆ. ಹೊರಗಿನ ಬೆಳಕು ನಂಬಿದರೆ ತಪ್ಪುತ್ತದೆ.

ಎರಡನೇ ಹಡಗು ಹತ್ತಿದ ರಾತ್ರಿಯೇ ಟ್ರೋಲ್‌ಫ್ಯೋರ್ಡ್ ನೋಡಿದೆವು, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕಿರಿದಾದ ಕವಲು ಅದು. ಬಾಯಿಯ ಅಗಲ ಸುಮಾರು 100 ಮೀಟರ್. ಎರಡೂ ಕಡೆ ಬಂಡೆ ಕೈಗೆ ಸಿಗುವ ಹಾಗಿದೆ. ಒಳಗೆ ಹೋಗಿ ಹಡಗು ನಿಂತಲ್ಲೇ ತಿರುಗಿತು. ಟ್ರೊಮ್ಸೋದಲ್ಲಿ ಉಣ್ಣೆ ಹೆಣೆಯುವ ಅಂಗಡಿ ಹುಡುಕಿದ್ದೇ ಹೊತ್ತಾಯಿತು.

ಹೊನ್ನಿಂಗ್ಸ್‌ವೋಗ್‌ನಿಂದ ಬಸ್ಸಿನಲ್ಲಿ ನಾರ್ತ್ ಕೇಪ್‌ಗೆ ಹೋದೆವು. 71 ಡಿಗ್ರಿ 10 ಮಿನಿಟು, 307 ಮೀಟರ್ ಎತ್ತರದ ಕಡಿದಾದ ಬಂಡೆ. ಪಕ್ಕದಲ್ಲೇ ತಗ್ಗಿನ ಇನ್ನೊಂದು ಮೂಗು ಇದಕ್ಕಿಂತ ಸ್ವಲ್ಪ ಹೆಚ್ಚೇ ಉತ್ತರಕ್ಕೆ ಚಾಚಿದೆ. ಅಲ್ಲಿಗೆ ನಡೆದೇ ಹೋಗಬೇಕು, ನಮ್ಮಿಂದ ಆಗುವುದಲ್ಲ. ಗಾಳಿ ನಿಲ್ಲಲು ಬಿಡಲಿಲ್ಲ. ಇವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಬೇಲಿ ತನಕ ನಡೆಸಿದರು. ಮದುವೆಯಾಗಿ 35 ವರ್ಷದಲ್ಲಿ ನಾಲ್ಕು ಜನರ ಮುಂದೆ ಹಾಗೆ ಕೈ ಹಿಡಿದು ನಡೆದದ್ದು ಕಡಿಮೆ. ಆಚೆ ಬರೀ ನೀರು. ಇಬ್ಬರೂ ಏನೂ ಮಾತಾಡಲಿಲ್ಲ.

ಕಾರವಾರಕ್ಕೆ ಬಂದಾಗ ಜೂನ್ ಶುರುವಾಗಿತ್ತು. ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ಮಳೆಯಲ್ಲಿ ನೆನೆಯುತ್ತಿದ್ದವು. ಅತ್ತೆಗೆ ಚಪ್ಪರದ ಫೋಟೋ ತೋರಿಸಿದೆ. ಬೆರಳಿಂದ ದೊಡ್ಡದು ಮಾಡಿ ಮಾಡಿ ನೋಡಿದರು.

"ಉಪ್ಪು ಹಾಕೂದಿಲ್ವಾ ಅವ್ರು?"

ಇಲ್ಲ ಅಂದೆ. ತಲೆಯಾಡಿಸಿದರು. ಆಮೇಲೆ ಇವರು ಫೋನಿನಲ್ಲಿದ್ದ ಹಡಗಿನ ಕೂಗು ಹಾಕಿದರು. ಅತ್ತೆ ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡರು. ಮುಗಿದ ಮೇಲೂ ತೆಗೆಯಲಿಲ್ಲ.

"ಇನ್ನೊಂದ್ಸಲ ಹಾಕೋ ಮಗಾ" ಅಂದರು.